ಸಪ್ತಾಪುರದ ಮಹಡಿಯ ಮೇಲೆ ಸಿನಿಕತನದ ಪಾಠ

ಧಾರವಾಡದ ಸಪ್ತಾಪುರದಲ್ಲಿ, ಕೋಚಿಂಗ್ ಸೆಂಟರುಗಳ ಫಲಕಗಳ ಸಾಲಿನ ನಡುವೆ, ಒಂದು ಖಾಸಗಿ ವಾಚನಾಲಯವಿದೆ. ಅದರ ಮೊದಲ ಮಹಡಿಯ ಕೊಠಡಿಯಲ್ಲಿ ರವಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಸಾರ್ವಜನಿಕರಿಗಾಗಿ ತತ್ವಶಾಸ್ತ್ರದ ತರಗತಿಗಳು ನಡೆಯುತ್ತವೆ. ಎಂಟು ವಾರಗಳಿಗೆ ಒಂದು ವಿಷಯ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಈಚೆಗೆ ಮುಗಿದ ಕೋರ್ಸಿನ ವಿಷಯ ಸಿನಿಕತನ, ಅಂದರೆ ಯಾರನ್ನೂ ಯಾವುದನ್ನೂ ನಂಬದ ಮನೋಭಾವ, ಮತ್ತು ಅದಕ್ಕೆ ತತ್ವಜ್ಞಾನಿಗಳು ಕೊಟ್ಟ ಉತ್ತರಗಳು. ಶುಲ್ಕ 1,200 ರೂಪಾಯಿ, ವಿದ್ಯಾರ್ಥಿಗಳಿಗೆ ಮತ್ತು ನೌಕರಿಯ ಪರೀಕ್ಷೆಗೆ ಓದುತ್ತಿರುವವರಿಗೆ 500. ಝೆರಾಕ್ಸ್ ಟಿಪ್ಪಣಿ, ವಿರಾಮದ ಚಹಾ, ಕೊನೆಯ ವಾರದ ಗಿರಮಿಟ್ ಮತ್ತು ಮಿರ್ಚಿ ಇವೆಲ್ಲ ಆ ಹಣದಲ್ಲಿಯೇ ಸೇರಿವೆ. ಪಾಠ ಹೇಳುವವರು ತತ್ವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರು. ಕೊಠಡಿಯಲ್ಲಿ ಎಲ್ಲರೂ ಅವರನ್ನು ಸರ್ ಎಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಕೊಟ್ಟ ಹಣಕ್ಕೆ ಇದು ಧಾರಾಳವಾದ ಕೋರ್ಸು. ಗ್ರೀಸಿನ ಭಾಗ ಅತ್ಯುತ್ತಮವಾಗಿದೆ, ಆಧುನಿಕ ಯುರೋಪಿನ ಭಾಗ ಗಟ್ಟಿಯಾಗಿದೆ, ನಮ್ಮ ನೆಲದ ಭಾಗ ಮಾತ್ರ ಅವಸರದ ಕೆಲಸ. ಇಡೀ ಕೋರ್ಸಿನ ಅತಿ ಒಳ್ಳೆಯ ಗಂಟೆ ಪಠ್ಯಕ್ರಮದಿಂದ ಬಂದದ್ದಲ್ಲ. ಹಿಂದಿನ ಬೆಂಚಿನಿಂದ ಎದ್ದ ಒಂದು ಆಕ್ಷೇಪದಿಂದ ಬಂದದ್ದು.

ಈ ವಿಷಯಕ್ಕೆ ಈ ಊರು ಸರಿಯಾದ ಜಾಗ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅವಳಿ ನಗರದಲ್ಲಿ ಯಾವ ಮಾತಿಗೂ ಕೊನೆಯ ಮುದ್ರೆಯಾಗಿ ಬೀಳುವ ವಾಕ್ಯ ಒಂದೇ: ‘ಎಲ್ಲಾ ಅಷ್ಟ ಐತಿ ಬಿಡ್ರಿ.’ ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿಕೆ ಮಾಡಿತೆಂದು ನವಲಗುಂದದ ಕಡೆಯ ರೈತರಿಗೆ ನೆನಪಿಸಿ ನೋಡಿ. ಅವರ ಮುಖದಲ್ಲಿ ಮೂಡುವ ನಗೆಯೇ ಈ ಕೋರ್ಸಿನ ಪೀಠಿಕೆಯಾಗಬಹುದು. ಆ ನಗೆಯಲ್ಲಿ ಅನುಭವ ಎಷ್ಟಿದೆ, ಅಭ್ಯಾಸಬಲ ಎಷ್ಟಿದೆ ಎಂಬುದನ್ನು ಬೇರ್ಪಡಿಸಲು ಸಾಧ್ಯವೇ ಎನ್ನುವುದು ನಾನು ಹೆಸರು ನೋಂದಾಯಿಸುವಾಗ ಇಟ್ಟುಕೊಂಡಿದ್ದ ಪ್ರಶ್ನೆ. ಕೋರ್ಸನ್ನು ನಾನು ಅಳೆದದ್ದೂ ಅದೇ ಪ್ರಶ್ನೆಯಿಂದ.

ಮೊದಲ ಎರಡು ವಾರಗಳು, ಸಿನಿಕ ಎಂಬ ಹೆಸರು ಬಂದ ಹಳೆಯ ಗ್ರೀಕ್ ಪಂಥದ, ಸಿನೋಪೆಯ ಡಯೋಜಿನಿಸನಿಗೆ ಮೀಸಲು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಈ ಮನುಷ್ಯ ಕಪ್ಪು ಸಮುದ್ರದ ದಂಡೆಯ ಸಿನೋಪೆಯಿಂದ ನಾಣ್ಯ ಕೆಡಿಸಿದ ಹಗರಣದಲ್ಲಿ ಹೊರಬಿದ್ದು, ಅಥೆನ್ಸಿನ ಸಂತೆಯ ಬಯಲಿನಲ್ಲಿ ದೊಡ್ಡದೊಂದು ಮಣ್ಣಿನ ವಾಡೆಯಲ್ಲಿ, ಅಂದರೆ ಗುಡಾಣದಲ್ಲಿ, ವಾಸವಾಗಿದ್ದನು, ಹಾಡುಹಗಲಿನಲ್ಲಿ ದೀಪ ಹಿಡಿದು ಮನುಷ್ಯನನ್ನು ಹುಡುಕುತ್ತಿದ್ದನು, ಬೇಕಾದ್ದನ್ನು ಕೇಳು ಎಂದ ಅಲೆಕ್ಸಾಂಡರನಿಗೆ ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದನು ಎಂಬ ಕಥೆಗಳು ಶಾಲೆಯ ಮಕ್ಕಳಿಗೂ ಗೊತ್ತು. ಸರ್ ಆ ಕಥೆಗಳನ್ನು ರಸವತ್ತಾಗಿ ಹೇಳಿ ಮುಗಿಸಿ, ಮರುಕ್ಷಣವೇ ಅವುಗಳ ಬುಡಕ್ಕೆ ಕೈಹಾಕಿದರು: ಡಯೋಜಿನಿಸನು ಬರೆದನೆನ್ನಲಾದ ಯಾವ ಕೃತಿಯೂ ಉಳಿದಿಲ್ಲ, ಈ ಕಥೆಗಳಲ್ಲಿ ಬಹುಪಾಲು ನಮಗೆ ಸಿಗುವುದು ಸುಮಾರು ಐದು ನೂರು ವರ್ಷಗಳ ನಂತರ ತತ್ವಜ್ಞಾನಿಗಳ ಚರಿತ್ರೆಗಳನ್ನು ಒಟ್ಟುಗೂಡಿಸಿದ ಡಯೋಜಿನಿಸ್ ಲೇಯರ್ಷಿಯಸನ ಬರಹದಲ್ಲಿ, ಆದ್ದರಿಂದ ಇವುಗಳನ್ನು ನಡೆದ ಸಂಗತಿಗಳೆಂದು ತೆಗೆದುಕೊಳ್ಳುವುದಕ್ಕಿಂತ ಒಂದು ಪಂಥ ತನ್ನ ಬಗ್ಗೆ ಏನನ್ನು ನೆನಪಿಡಲು ಬಯಸಿತು ಎಂಬುದರ ಸಾಕ್ಷ್ಯವೆಂದು ತೆಗೆದುಕೊಳ್ಳಬೇಕು. ಸಾರ್ವಜನಿಕ ಉಪನ್ಯಾಸಗಳಲ್ಲಿ ಇಂಥ ಎಚ್ಚರವನ್ನು ಕಾಣುವುದು ಅಪರೂಪ.

ಆ ಪಂಥದ ಕಸುಬು ಏನಾಗಿತ್ತು ಎಂಬುದನ್ನು ತೋರಿಸಲು ಅವರು ಆರಿಸಿದ್ದು ಡಯೋಜಿನಿಸನನ್ನಲ್ಲ, ಥೀಬ್ಸಿನ ಕ್ರೇಟಿಸನನ್ನು. ಇದ್ದ ಆಸ್ತಿಯನ್ನು ಬಿಟ್ಟುಕೊಟ್ಟು ಬೀದಿಗೆ ಇಳಿದ ಕ್ರೇಟಿಸ್, ಅವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದು ಅದೇ ಬದುಕನ್ನು ಆರಿಸಿಕೊಂಡ ಹಿಪಾರ್ಕಿಯಾ, ಇವರಿಬ್ಬರ ನಡುವೆ ಬಂದು ಸೇರಿದ ಸಿಟಿಯಮ್ಮಿನ ಯುವಕ ಝೀನೋ. ಸಂಕೋಚದ ಸ್ವಭಾವದ ಝೀನೋನ ಕೈಗೆ ಕ್ರೇಟಿಸ್ ಒಂದು ಗಡಿಗೆ ಬೇಳೆಯ ಸಾರನ್ನು ಕೊಟ್ಟು ಊರ ನಡುವೆ ಹೊತ್ತು ನಡೆಯಲು ಹೇಳುತ್ತಾನೆ. ಹುಡುಗ ನಾಚಿಕೊಂಡು ಅದನ್ನು ಮರೆಮಾಡಲು ನೋಡಿದಾಗ ತನ್ನ ಕೋಲಿನಿಂದ ಗಡಿಗೆಯನ್ನು ಒಡೆದುಬಿಡುತ್ತಾನೆ. ಕಾಲಿನ ಮೇಲೆ ಸಾರು ಇಳಿಯುತ್ತಿದ್ದಂತೆ ಹುಡುಗ ಓಟ ಕೀಳುತ್ತಾನೆ. ಮುಂದೆ ಕ್ರಿಸ್ತಪೂರ್ವ 300ರ ಸುಮಾರಿಗೆ ಅಥೆನ್ಸಿನ ಚಿತ್ರಮಂಟಪದಲ್ಲಿ ಪಾಠ ಹೇಳುತ್ತ ಸ್ಟೋಯಿಕ್ ಪಂಥವನ್ನು ಆರಂಭಿಸಿದವನು ಇದೇ ಝೀನೋ. ಹಳೆಯ ಸಿನಿಕರು ಲೋಕವನ್ನು ಹಂಗಿಸುತ್ತಿದ್ದರು, ನಿಜ. ಆದರೆ ಹಂಗಿಸುವ ಮೊದಲು ತಮ್ಮ ಮೈಯನ್ನೇ ಪಣಕ್ಕಿಟ್ಟಿದ್ದರು. ಚಳಿಯಲ್ಲಿ, ಹಸಿವಿನಲ್ಲಿ, ನಾಲ್ಕು ಜನರ ನಗೆಯ ಎದುರು ನಿಲ್ಲುವ ತಾಲೀಮು ಅವರದು. ನಾಣ್ಯ ಕೆಡಿಸಿದನೆಂಬ ಅಪವಾದವನ್ನೇ ಡಯೋಜಿನಿಸ್ ತನ್ನ ಬದುಕಿನ ಕೆಲಸವಾಗಿ ತಿರುಗಿಸಿಕೊಂಡದ್ದು ಹೀಗೆ: ರೂಢಿ ಎಂಬ ಚಲಾವಣೆಯ ನಾಣ್ಯವನ್ನು ಉಜ್ಜಿ, ಒಳಗೆ ಯಾವ ಲೋಹವಿದೆ ಎಂದು ನೋಡುವುದು.

ಎಪಿಕ್ಟೀಟಸನ ಕಡೆಗೆ ಸರ್ ಹೊರಳಿದ್ದು ಇಲ್ಲಿಂದಲೇ. ಗುಲಾಮನಾಗಿ ಹುಟ್ಟಿದ ಈ ಸ್ಟೋಯಿಕ್ ಗುರು, ಸಿನಿಕನಾಗಬೇಕೆಂದು ಬಂದ ಯುವಕನಿಗೆ ಹರಕು ಹೊದಿಕೆ, ಜೋಳಿಗೆ, ಕೋಲುಗಳಿಂದ ಯಾರೂ ಸಿನಿಕರಾಗುವುದಿಲ್ಲ ಎಂದು ಎಚ್ಚರಿಸುತ್ತಾನೆ. ನಿಜವಾದ ಸಿನಿಕ ಜನರಿಗಾಗಿ ಮುಂದೆ ಹೋಗಿ, ಯಾವುದು ಮಿತ್ರ ಯಾವುದು ಶತ್ರು ಎಂದು ನೋಡಿ, ಹಿಂದಿರುಗಿ ಇದ್ದದ್ದನ್ನು ಇದ್ದಂತೆ ಹೇಳುವ ಬೇಹುಗಾರ ಎನ್ನುತ್ತಾನೆ. ಬೇಹಿಗೆ ಹೋಗದೆ ಮನೆಯಲ್ಲಿಯೇ ಕುಳಿತು ವರದಿ ಒಪ್ಪಿಸುವವರು ಇಂದಿನ ಸಿನಿಕರು ಎಂದು ಸರ್ ಸೇರಿಸಿದಾಗ ಕೊಠಡಿ ನಕ್ಕಿತು. ನನಗೂ ನಗು ಬಂತು. ಆದರೆ ಆ ನಗು ಒಂದಿಷ್ಟು ಸುಲಭವಾಗಿ ಬಂತು ಎಂದು ಅನಿಸಿದ್ದೂ ಉಂಟು. ಅದರ ಬೆಲೆ ಐದನೆಯ ವಾರ ತೆರಬೇಕಾಯಿತು.

ಮೂರನೆಯ ವಾರ ಆಧುನಿಕ ಕಾಲ. ಜರ್ಮನಿಯ ತತ್ವಜ್ಞಾನಿ ಪೀಟರ್ ಸ್ಲೋಟರ್ಡೈಕ್ 1983ರಲ್ಲಿ, ಹಿಂದಿನ ತತ್ವಜ್ಞಾನಿ ಕಾಂಟನ ಕೃತಿಯನ್ನು ನೆನಪಿಸುವ ಶೀರ್ಷಿಕೆಯ ಎರಡು ಸಂಪುಟಗಳಲ್ಲಿ, ಇಂದಿನ ಸಿನಿಕನ ಚಿತ್ರವನ್ನು ಬರೆದರು. ಅವರ ಪ್ರಕಾರ ಈತ ವಾಡೆಯೊಳಗಿನ ಫಕೀರನಲ್ಲ, ಸಂಬಳ ಪಡೆಯುವ, ಕಚೇರಿಗೆ ಹೋಗುವ, ಒಳ್ಳೆಯ ವಿದ್ಯೆ ಪಡೆದ ಮನುಷ್ಯ. ತಾನು ಮಾಡುತ್ತಿರುವ ಕೆಲಸ ಪೊಳ್ಳೆಂದು ಅವನಿಗೆ ಗೊತ್ತು, ಗೊತ್ತಿದ್ದೂ ಮಾಡುತ್ತಾನೆ, ಗೊತ್ತಿರುವುದೇ ಅವನಿಗೆ ಸಮಾಧಾನ. ಅಜ್ಞಾನದಿಂದ ಹುಟ್ಟಿದ ಭ್ರಮೆಯನ್ನು ತಿಳಿವಳಿಕೆ ಓಡಿಸಬಲ್ಲದು, ತಿಳಿವಳಿಕೆಯ ಒಳಗೇ ಮನೆಮಾಡಿದ ಭ್ರಮೆಯನ್ನು ಓಡಿಸುವುದು ಹೇಗೆ ಎಂಬುದು ಸ್ಲೋಟರ್ಡೈಕರ ಪ್ರಶ್ನೆ. ಅವರ ಉತ್ತರ ಹಳೆಯ ಸಿನಿಕರ ದಿಟ್ಟ, ಮೈಚಳಿ ಬಿಟ್ಟ ನಗೆಗೆ ಮರಳುವುದು. ಆ ಉತ್ತರ ನನಗೆ ಸಾಲದೆನಿಸಿತು, ಏಕೆಂದರೆ ನಗೆಗೆ ನಮ್ಮಲ್ಲಿ ಎಂದೂ ಬರವಿಲ್ಲ. ವಾಟ್ಸಾಪಿನ ಪ್ರತಿಯೊಂದು ಗುಂಪಿನಲ್ಲಿಯೂ ಬೆಳಗಾಗುವ ಮೊದಲೇ ಅದರ ಸರಬರಾಜು ಶುರುವಾಗಿರುತ್ತದೆ.

ಫ್ರಾನ್ಸಿನ ತತ್ವಜ್ಞಾನಿ ಮಿಶೆಲ್ ಫೂಕೋ ಅವರ ಭಾಗ ಹೆಚ್ಚು ತೂಕದ್ದಾಗಿತ್ತು. 1984ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪ್ಯಾರಿಸ್ಸಿನಲ್ಲಿ ಅವರು ಕೊಟ್ಟ ಕೊನೆಯ ಉಪನ್ಯಾಸಗಳು ಹಳೆಯ ಸಿನಿಕರನ್ನು ಕುರಿತಾದವು. ಅದೇ ಜೂನಿನಲ್ಲಿ ಅವರು ತೀರಿಕೊಂಡರು. ಸತ್ಯವನ್ನು ಹೇಳುವುದರಲ್ಲಿ ಹೇಳುವವನಿಗೆ ಅಪಾಯವಿರಬೇಕು, ತನಗಿಂತ ಬಲಶಾಲಿಯಾದವನ ಎದುರು ಹೇಳಬೇಕು, ಹೇಳಿದಂತೆ ಬದುಕಿರಬೇಕು. ಈ ಮೂರೂ ಕೂಡಿದಾಗ ಮಾತ್ರ ಅದು ಸಿನಿಕನ ಮಾತು ಎಂಬ ಅವರ ವಿವರಣೆಯನ್ನು ಸರ್ ನಿಧಾನವಾಗಿ ಬಿಡಿಸಿದರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲಲ್ಲಿ ನಡೆದ ಅವರ ಹತ್ಯೆಯನ್ನು ಕಂಡ ಊರಿಗೆ ಈ ಅಪಾಯವೆಂದರೇನು ಎಂದು ಉದಾಹರಣೆ ಕೊಟ್ಟು ತಿಳಿಸುವ ಅಗತ್ಯವಿರಲಿಲ್ಲ. ಸರ್ ಕೊಡಲೂ ಇಲ್ಲ.

ನಾಲ್ಕನೆಯ ವಾರ ನಮಗೊಂದು ಮನೆಗೆಲಸವಿತ್ತು, ಮತ್ತು ಈ ಕೋರ್ಸಿಗೆ ನಾನು ಕೊಡುವ ಅಂಕಗಳಲ್ಲಿ ಅರ್ಧದಷ್ಟು ಅದಕ್ಕೇ ಸಲ್ಲಬೇಕು. ಒಂದು ವಹಿಯಲ್ಲಿ ಮೂರು ಕಾಲಂ ಎಳೆದುಕೊಳ್ಳಬೇಕು. ಮೊದಲನೆಯದರಲ್ಲಿ ಆ ವಾರ ಯಾರನ್ನು ಅಥವಾ ಯಾವುದನ್ನು ಅನುಮಾನಿಸಿದೆವು, ಎರಡನೆಯದರಲ್ಲಿ ಯಾವ ಆಧಾರದಿಂದ, ಮೂರನೆಯದರಲ್ಲಿ ಏನು ಕಂಡರೆ ಆ ಅನುಮಾನವನ್ನು ಬಿಡುತ್ತೇವೆ ಎಂದು ಬರೆಯಬೇಕು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಬ್ಯಾಂಕಿನ ನಿವೃತ್ತ ನೌಕರರು ತಮ್ಮ ವಹಿಯನ್ನು ಓದಿ ಹೇಳಲು ಒಪ್ಪಿದರು. ಅದರಲ್ಲಿ ಕಾಯಿಪಲ್ಲೆ ತೂಗುವವನ ತಕ್ಕಡಿ, ಬೀಗರು ಹೇಳಿದ ಹುಡುಗನ ಸಂಬಳ, ಮಹಾನಗರ ಪಾಲಿಕೆಯ ರಸ್ತೆ ಕಾಮಗಾರಿ, ಒಂದು ಆಸ್ಪತ್ರೆ ಬರೆದುಕೊಟ್ಟ ಸ್ಕ್ಯಾನಿಂಗ್, ದೇವಸ್ಥಾನದ ಕಾಣಿಕೆಯ ಲೆಕ್ಕ ಎಲ್ಲವೂ ಇದ್ದವು. ಎರಡನೆಯ ಕಾಲಮಿನಲ್ಲಿ ತಕ್ಕಡಿಯ ಎದುರು ಮಾತ್ರ ನಿಶ್ಚಿತವಾದ ಆಧಾರವಿತ್ತು: ಮನೆಗೆ ಬಂದು ತೂಗಿದಾಗ ಬದನೆಕಾಯಿ ನೂರು ಗ್ರಾಂ ಕಡಿಮೆ ಬಂದಿತ್ತು. ಉಳಿದವುಗಳ ಎದುರು ‘ಗೊತ್ತಿದ್ದದ್ದೇ’, ‘ಯಾವಾಗಲೂ ಹೀಗೇ’, ‘ಜನ ಹೇಳ್ತಾರೆ’. ಮೂರನೆಯ ಕಾಲಂ ಪೂರ್ತಿ ಖಾಲಿ. ಅವರು ಅದನ್ನು ಮುಚ್ಚಿಡದೆ ಓದಿ, ‘ಇಲ್ಲಿ ಏನ್ ಬರೀಬೇಕಂತ ತಿಳೀಲಿಲ್ರೀ ಸರ್’ ಎಂದರು. ಕೊಠಡಿಯಲ್ಲಿ ಹೆಚ್ಚಿನವರ ಮೂರನೆಯ ಕಾಲಮ್ಮಿನ ಸ್ಥಿತಿಯೂ ಅದೇ ಆಗಿತ್ತು.

ಆ ಖಾಲಿ ಜಾಗದ ಮೇಲೆ ನಡೆದ ಚರ್ಚೆಯಿಂದ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಇಂದಿನ ಸಿನಿಕತನದ ದೋಷ ಅತಿಯಾದ ಸಂಶಯವಲ್ಲ, ಅರ್ಧಕ್ಕೇ ನಿಂತ ಸಂಶಯ. ತಕ್ಕಡಿಯ ಬಗ್ಗೆ ಅನುಮಾನವಿದ್ದವರು ಮನೆಗೆ ಹೋಗಿ ತೂಗಿ ನೋಡಿದರು. ಅದು ಕೆಲಸ ಮಾಡುವ ಸಂಶಯ. ಸ್ಕ್ಯಾನಿಂಗಿನ ಬಗ್ಗೆ ಅನುಮಾನವಿದ್ದವರು ಇನ್ನೊಬ್ಬ ವೈದ್ಯರನ್ನು ಕೇಳಲೂ ಇಲ್ಲ, ಸ್ಕ್ಯಾನಿಂಗ್ ಮಾಡಿಸದೆ ಬಿಡಲೂ ಇಲ್ಲ. ಹಣ ಕಟ್ಟಿ, ಮಾಡಿಸಿ, ಬಂದು ಬೈದರು. ಯಾವ ಸಾಕ್ಷ್ಯವೂ ಅಲುಗಿಸಲಾರದ ಅನುಮಾನಕ್ಕೂ ಯಾವ ಸಾಕ್ಷ್ಯವೂ ಅಲುಗಿಸಲಾರದ ಭಕ್ತಿಗೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲ. ಸರ್ ಇದನ್ನು ಇಷ್ಟು ನೇರವಾಗಿ ಹೇಳಲಿಲ್ಲ, ಬಹುಶಃ ಶುಲ್ಕ ಕೊಟ್ಟು ಬಂದವರ ಎದುರು ಹೇಳುವುದು ಕಷ್ಟ.

ಐದನೆಯ ವಾರ ಅವರು ಮನೋವಿಜ್ಞಾನದ ಒಂದು ಅಧ್ಯಯನವನ್ನು ತಂದರು. ಓಲ್ಗಾ ಸ್ತಾವ್ರೋವಾ ಮತ್ತು ಡೇನಿಯಲ್ ಎಹ್ಲೆಬ್ರಾಖ್ಟ್ 2018ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಪ್ರಕಾರ, ಜನರು ಸಾಮಾನ್ಯವಾಗಿ ಸಿನಿಕರನ್ನು ಹೆಚ್ಚು ಬುದ್ಧಿವಂತರೆಂದು ಭಾವಿಸುತ್ತಾರೆ. ಆದರೆ 30 ದೇಶಗಳ ಸುಮಾರು ಎರಡು ಲಕ್ಷ ಜನರ ಮಾಹಿತಿಯನ್ನು ನೋಡಿದಾಗ ಸಿನಿಕತನ ಹೆಚ್ಚಿದ್ದವರು ಬುದ್ಧಿಸಾಮರ್ಥ್ಯದ ಮತ್ತು ಶೈಕ್ಷಣಿಕ ಅಳತೆಗಳಲ್ಲಿ ಹಿಂದೆ ಇದ್ದದ್ದು ಕಂಡಿತು. ಇದನ್ನು ಹೇಳಿ ಸರ್ ಒಂದು ಗೆಲುವಿನ ನಗೆ ನಕ್ಕರು. ಆಗ ಹಿಂದಿನ ಬೆಂಚಿನಿಂದ ನವಲಗುಂದ ತಾಲ್ಲೂಕಿನ ಯುವಕನೊಬ್ಬ ಎದ್ದು ನಿಂತ. ಅದೇ ಬೀದಿಯ ಕೋಚಿಂಗ್ ಸೆಂಟರೊಂದರಲ್ಲಿ ಓದುತ್ತಿದ್ದವನು. ‘ಸರ್, ನಾ ಅನುಮಾನ ಪಡಾಕ ಕಲತದ್ದು ಪುಸ್ತಕದಾಗಲ್ರೀ. ಪಿಎಸ್‌ಐ ಪರೀಕ್ಷಾ ಬರದೀನ್ರಿ. ನಾವು ಬುದ್ಧಿ ಕಡಿಮಿ ಆಗಿ ಯಾರನ್ನೂ ನಂಬಾಂಗಿಲ್ಲ ಅಂತೀರೇನು?’

ಈ ಊರಿನಲ್ಲಿ ಅದಕ್ಕೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಓಎಂಆರ್ ಹಾಳೆಗಳನ್ನು ತಿದ್ದಿದ್ದು ತನಿಖೆಯಲ್ಲಿ ಬಯಲಾಯಿತು. ಹಿರಿಯ ಪೊಲೀಸ್ ಅಧಿಕಾರಿಯೂ ಸೇರಿದಂತೆ ಹಲವರ ಬಂಧನವಾಯಿತು. 2022ರ ಏಪ್ರಿಲಿನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದುಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಊರಿನಿಂದ ಬಂದು, ಖೋಲಿ ಬಾಡಿಗೆಗೆ ಹಿಡಿದು, ಖಾನಾವಳಿಯ ರೊಟ್ಟಿಯ ಮೇಲೆ ಓದುತ್ತ ಕುಳಿತವರಿಗೆ ಆ ವರ್ಷಗಳೆಂದರೆ ವಯೋಮಿತಿಯ ಕಡೆಗೆ ಸರಿದುಹೋದ ವರ್ಷಗಳು. ಅಂಥವನಿಗೆ ನಿನ್ನ ಸಿನಿಕತನ ಒಂದು ಮನೋಧರ್ಮದ ದೋಷ ಎಂದು ಹೇಳಲು ಯಾವ ತತ್ವಜ್ಞಾನಿಗೆ ಅಧಿಕಾರವಿದೆ?

ಸರ್ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ, ಇದನ್ನು ನಾನು ಅವರ ದೊಡ್ಡತನವೆಂದೇ ಎಣಿಸುತ್ತೇನೆ. ಮೊದಲು ಅದೇ ಅಧ್ಯಯನದ ಇನ್ನೊಂದು ತೀರ್ಮಾನವನ್ನು ಹೇಳಿದರು: ಹೆಚ್ಚು ಸಮರ್ಥರಾದವರು ಎಲ್ಲ ಕಡೆಯೂ ನಂಬುವವರಲ್ಲ, ಸುತ್ತಲಿನ ಪರಿಸ್ಥಿತಿ ಅಪನಂಬಿಕೆಗೆ ಯೋಗ್ಯವಾಗಿದ್ದರೆ ಅವರೂ ನಂಬುವುದಿಲ್ಲ, ಪರಿಸ್ಥಿತಿ ಹೇಗೇ ಇರಲಿ ಒಂದೇ ಸಮನೆ ನಂಬದಿರುವುದೇ ಅಸಮರ್ಥತೆಯ ಜೊತೆಗೆ ಹೋಗುವ ಗುಣ. ಇದನ್ನು ಅವರು ಮೊದಲೇ ಹೇಳಬೇಕಿತ್ತು, ನಗುವ ಮುನ್ನ. ಅನಂತರ ಯುವಕನಿಗೊಂದು ಮರುಪ್ರಶ್ನೆ ಹಾಕಿದರು: ಆ ಆಯ್ಕೆಪಟ್ಟಿಯ ಮೇಲೆ ಮೊದಲು ತಕರಾರು ಎತ್ತಿದವರು ಯಾರು? ಅಭ್ಯರ್ಥಿಗಳೇ ಎಂದು ಯುವಕ ಒಪ್ಪಿದ. ಹಾಗಾದರೆ ಅವರು ಸಿನಿಕರೇ? ಎಲ್ಲವೂ ಇಷ್ಟೇ ಎಂದು ನಂಬಿದವನು ಅರ್ಜಿ ಬರೆಯುವುದಿಲ್ಲ, ಬೀದಿಗೂ ಇಳಿಯುವುದಿಲ್ಲ. ತಕರಾರು ಎತ್ತಿದವರು ಒಂದು ನಿರ್ದಿಷ್ಟ ಪಟ್ಟಿಯನ್ನು, ನಿರ್ದಿಷ್ಟ ಅಂಕಗಳನ್ನು, ಹೇಳಬಲ್ಲ ಕಾರಣಗಳಿಂದ ಅನುಮಾನಿಸಿದರು, ಮತ್ತು ಹುಡುಕಿದರೆ ಸಿಗುತ್ತದೆ ಎಂಬಷ್ಟರ ಮಟ್ಟಿಗೆ ಯಾವುದನ್ನೋ ನಂಬಿದ್ದರು. ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಖರೇ ಸರ್, ಆದ್ರ ನನ್ ವಯಸ್ಸ ಯಾರ್ ತಿರುಗಿ ಕೊಡ್ತಾರ?’ ಎಂದ. ಅದಕ್ಕೆ ಸರ್ ಬಳಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದರು. ಆ ದಿನ ಮಧ್ಯಾಹ್ನದ ಒಂದು ಗಂಟೆ ದಾಟಿದರೂ ತರಗತಿ ಮುಗಿಯಲಿಲ್ಲ, ಯಾರೂ ಏಳಲಿಲ್ಲ.

ಈ ಚರ್ಚೆಯ ಬೆಳಕಿನಲ್ಲಿ ಆರನೆಯ ವಾರದ ಉತ್ತರಗಳು ಹೆಚ್ಚು ಅರ್ಥಪೂರ್ಣವಾದವು. ಅಮೇರಿಕಾದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ ರೈಲು ದರೋಡೆಯ ಉದಾಹರಣೆ ಬರುತ್ತದೆ. ಕೆಲವೇ ಮಂದಿ ಕಳ್ಳರು ತುಂಬಿದ ರೈಲನ್ನು ದೋಚಬಲ್ಲರು, ಏಕೆಂದರೆ ಕಳ್ಳರಿಗೆ ಒಬ್ಬರ ಮೇಲೊಬ್ಬರಿಗೆ ಭರವಸೆಯಿದೆ. ಪ್ರಯಾಣಿಕರಲ್ಲಿ ಪ್ರತಿಯೊಬ್ಬನೂ ತಾನು ಎದ್ದರೆ ಉಳಿದವರು ಏಳುವ ಮೊದಲೇ ತನಗೆ ಗುಂಡು ಬೀಳುತ್ತದೆ ಎಂದು ಹೆದರುತ್ತಾನೆ. ಇಡೀ ಡಬ್ಬಿ ಒಟ್ಟಿಗೆ ಏಳುತ್ತದೆ ಎಂದು ಎಲ್ಲರೂ ನಂಬಿದ್ದರೆ ದರೋಡೆಗೆ ಯಾರೂ ಕೈಹಾಕುತ್ತಲೇ ಇರಲಿಲ್ಲ. ನಂಬಿಕೆಯೇ ಕೆಲವೊಮ್ಮೆ ಸಂಗತಿಯನ್ನು ಸೃಷ್ಟಿಸುತ್ತದೆ ಎಂಬುದು ಜೇಮ್ಸರ ವಾದ. ಇದರ ಇನ್ನೊಂದು ಮಗ್ಗುಲನ್ನು, ಅಂದರೆ ಅಪನಂಬಿಕೆಯೂ ತನ್ನ ಸಂಗತಿಯನ್ನು ತಾನೇ ಸೃಷ್ಟಿಸುತ್ತದೆ ಎಂಬುದನ್ನು, ಲಂಚ ಕೊಡದೆ ಕೆಲಸವಾಗದು ಎಂದು ಕೇಳುವ ಮೊದಲೇ ಕವರ್ ಮುಂದೆ ಚಾಚುವವರ ಉದಾಹರಣೆಯೊಂದಿಗೆ ಸರ್ ವಿವರಿಸಿದರು. ಕೇಳುಗರಲ್ಲಿ ಕೆಲವರು ಕಿಟಕಿಯ ಕಡೆ ನೋಡಿದರು.

ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1967ರ ಪ್ರಬಂಧದಲ್ಲಿ ಹೇಳುವ ಮಾತು ಇದಕ್ಕಿಂತ ಕಠಿಣವಾದದ್ದು. ಎಡೆಬಿಡದೆ ಸುಳ್ಳು ಹೇಳುತ್ತಿದ್ದರೆ ಜನ ಸುಳ್ಳನ್ನು ನಿಜವೆಂದು ನಂಬುತ್ತಾರೆ ಎಂಬುದಲ್ಲ ಅದರ ಫಲ. ನಿಜ, ಸುಳ್ಳುಗಳ ನಡುವೆ ದಿಕ್ಕು ಕಂಡುಕೊಳ್ಳುವ ಶಕ್ತಿಯನ್ನೇ ಅವರು ಕಳೆದುಕೊಂಡು, ಎಷ್ಟೇ ಚೆನ್ನಾಗಿ ಸ್ಥಾಪಿತವಾದ ಸತ್ಯವನ್ನೂ ನಂಬದಂತಾಗುತ್ತಾರೆ. ಹಾಗಿದ್ದರೆ ಸಿನಿಕನು ತಾನು ಅಧಿಕಾರಕ್ಕೆ ಮೋಸಹೋಗಿಲ್ಲ ಎಂದು ಬೀಗುವಾಗಲೇ ಅಧಿಕಾರಕ್ಕೆ ಬೇಕಾದ ಪ್ರಜೆಯಾಗಿರುತ್ತಾನೆ. ಇದನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದು ಅನ್ಯಾಯ. ಡಯೋಜಿನಿಸನಿಗೆ ಎರಡು ವಾರ ಕೊಟ್ಟ ಕೋರ್ಸು ಅರೆಂಟಳಿಗೆ ಒಂದನ್ನಾದರೂ ಕೊಡಬೇಕಿತ್ತು.

ಉತ್ತರಗಳಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಬ್ರಿಟನ್ನಿನ ತತ್ವಜ್ಞಾನಿ ಓನೋರಾ ಓನೀಲ್ ಅವರದು. ಬಿಬಿಸಿ ರೇಡಿಯೊದ 2002ರ ರೀತ್ ಉಪನ್ಯಾಸಗಳಲ್ಲಿ ಅವರು, ನಂಬಿಕೆ ಕಡಿಮೆಯಾಗಿದೆ, ಅದನ್ನು ಹೆಚ್ಚಿಸಬೇಕು ಎಂಬ ಸಾಮಾನ್ಯ ಕೂಗನ್ನೇ ಪ್ರಶ್ನಿಸಿದರು. ಅವರ ನಿಲುವಿನಂತೆ ನಂಬಿಕೆಯನ್ನು ಸಾರಾಸಗಟಾಗಿ ಹೆಚ್ಚಿಸುವುದು ಗುರಿಯಾಗಬಾರದು. ನಂಬಲರ್ಹರನ್ನು ನಂಬುವುದು, ಅಲ್ಲದವರನ್ನು ನಂಬದಿರುವುದು, ಆ ವಿವೇಚನೆಗೆ ಬೇಕಾದ ಸಾಕ್ಷ್ಯ ಕೈಗೆಟಕುವಂತೆ ಮಾಡುವುದು ಗುರಿಯಾಗಬೇಕು. ಮಾಹಿತಿಯ ರಾಶಿಯನ್ನು ಬಯಲಿಗೆ ಸುರಿದ ಮಾತ್ರಕ್ಕೆ ಇದು ಆಗುವುದಿಲ್ಲ, ವಂಚನೆ ಪಾರದರ್ಶಕತೆಯ ನಡುವೆಯೂ ಬದುಕುತ್ತದೆ ಎಂದು ಅವರು ಎಚ್ಚರಿಸಿದರು. ಬ್ಯಾಂಕಿನ ಹಿರಿಯರ ಖಾಲಿ ಕಾಲಂ ಕೇಳುತ್ತಿದ್ದದ್ದು ಇದನ್ನೇ: ಈ ವೈದ್ಯರು, ಈ ಕಾಮಗಾರಿ, ಈ ಪಟ್ಟಿ, ಒಂದೊಂದಾಗಿ ವಿಚಾರಿಸು. ಅದು ಬೇಸರದ ಕೆಲಸ, ಸಮಯ ತಿನ್ನುವ ಕೆಲಸ. ಸಾರಾಸಗಟು ಅಪನಂಬಿಕೆಯ ದೊಡ್ಡ ಆಕರ್ಷಣೆಯೇ ಅದು ಈ ಶ್ರಮವನ್ನು ಉಳಿಸುತ್ತದೆ ಎಂಬುದು.

ಇನ್ನು ಏಳನೆಯ ವಾರದ ದೂರು. ‘ಭಾರತೀಯ ಹಾಗೂ ಕನ್ನಡ ಪರಂಪರೆ’ ಎಂದು ಟಿಪ್ಪಣಿಯಲ್ಲಿ ಮುದ್ರಿಸಿ, ಲೋಕಾಯತರು, ವಚನಕಾರರು, ಸರ್ವಜ್ಞ, ಶಿಶುನಾಳ ಶರೀಫರು ಇಷ್ಟನ್ನೂ ಒಂದೇ ಬೆಳಿಗ್ಗೆ ಓಡಿಸಲಾಯಿತು. ಅಲ್ಲಮನನ್ನು ಕನ್ನಡದ ಡಯೋಜಿನಿಸ್ ಎಂದು ಕರೆದದ್ದು ಕೇಳಲು ಚೆಂದ, ವಿಚಾರಕ್ಕೆ ಹಾನಿ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ನಾಗರವನ್ನು ಕೊಲ್ಲೆನ್ನುವವರನ್ನು ಬಸವಣ್ಣ ಹಂಗಿಸುವಾಗಲೂ, ಅಂಬಿಗರ ಚೌಡಯ್ಯ ಡಾಂಭಿಕರ ಮೇಲೆ ಹರಿಹಾಯುವಾಗಲೂ, ಅವರ ಬೆನ್ನಿಗೆ ಕಾಯಕ ಮತ್ತು ದಾಸೋಹ ಎಂಬ ಎರಡು ಕಟ್ಟುವ ಕೆಲಸಗಳಿದ್ದವು. ಡಯೋಜಿನಿಸ್ ಬೇಡಿ ಉಂಡನು; ಚೌಡಯ್ಯ ದೋಣಿ ನಡೆಸಿದನು. ಈ ಭೇದವನ್ನು ಹಿಡಿದು ಒಂದು ಇಡೀ ತರಗತಿ ನಡೆಸಬಹುದಿತ್ತು, ಏಕೆಂದರೆ ಹಳೆಯ ಸಿನಿಕರಲ್ಲಿ ಇಲ್ಲದ್ದು ಇದೇ. ಚೌಡಯ್ಯನ ಚೌಡದಾನಪುರವೂ ಶರೀಫರ ಶಿಶುವಿನಹಾಳವೂ ಹಾವೇರಿ ಜಿಲ್ಲೆಯವು. ಅಥೆನ್ಸಿಗೆ ಸಿಕ್ಕ ಸಾವಧಾನ ಪಕ್ಕದ ಜಿಲ್ಲೆಗೆ ಸಿಗಲಿಲ್ಲ.

ಅದಕ್ಕಿಂತಲೂ ದೊಡ್ಡ ಲೋಪವೆಂದರೆ ಕುಸನೂರು. ಈಗಿನ ಹಾವೇರಿ ಜಿಲ್ಲೆಯ ಈ ಹಳ್ಳಿಯಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಸರ್ಕಾರ ಮತ್ತು ಒಂದು ದೊಡ್ಡ ಕಾರ್ಖಾನೆ ಜೊತೆಗೂಡಿ ಕಟ್ಟಿದ ಕಂಪನಿಗೆ 1984ರಲ್ಲಿ ಒಪ್ಪಿಸಲು ಹೊರಟಾಗ, ಊರವರು ತಮ್ಮ ದನ ಮೇಯುವ, ಕಟ್ಟಿಗೆ ಆರಿಸುವ ಜಾಗ ಹೋಗುತ್ತದೆಂದು ತಿರುಗಿಬಿದ್ದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೂ ಹೋಯಿತು, ಹೊಲಕ್ಕೂ ಇಳಿಯಿತು. ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ನೆಲದಲ್ಲಿ ಜನರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ಸರ್ಕಾರದ ಮಾತನ್ನು ನಂಬದ, ಕಂಪನಿಯ ಮಾತನ್ನು ನಂಬದ ಈ ಜನ ಸಿನಿಕರಾಗಲಿಲ್ಲ. ಅವರ ಅಪನಂಬಿಕೆಯ ಕೈಯಲ್ಲಿ ಸಸಿಯೂ ಇತ್ತು, ಕೋರ್ಟಿನ ಕಾಗದವೂ ಇತ್ತು. ಜೇಮ್ಸರ ರೈಲಿನ ಉದಾಹರಣೆಯನ್ನು ಕೇಳಿ ‘ಇದೆಲ್ಲಾ ಅಮೇರಿಕಾದಾಗ ಸರಿ’ ಎಂದು ಗೊಣಗಿದವರಿಗೆ ಕೊಡಬಹುದಾದ ಉತ್ತರ ಇಷ್ಟು ಹತ್ತಿರದಲ್ಲಿದ್ದೂ ಪಠ್ಯಕ್ರಮದಲ್ಲಿ ಅದರ ಉಲ್ಲೇಖವಿರಲಿಲ್ಲ. ನಾನು ಬರಹದಲ್ಲಿ ಕೊಟ್ಟ ಅಭಿಪ್ರಾಯಪತ್ರದಲ್ಲಿ ಇದನ್ನೇ ಮೊದಲ ಸಲಹೆಯಾಗಿ ಬರೆದಿದ್ದೇನೆ.

ಸೌಕರ್ಯಗಳ ವಿಷಯವನ್ನು ಬೇಗ ಮುಗಿಸಬಹುದು. ಕುರ್ಚಿಗಳು ಪ್ಲಾಸ್ಟಿಕ್ಕಿನವು, ಎರಡೂವರೆ ಗಂಟೆಗೆ ಬೆನ್ನು ತಕರಾರು ಮಾಡುತ್ತದೆ. ರಸ್ತೆಯ ಕಡೆಯ ಕಿಟಕಿ ತೆರೆದರೆ ಹಾರ್ನ್, ಮುಚ್ಚಿದರೆ ಸೆಕೆ. ಮೈಕ್ ಇಲ್ಲದ್ದರಿಂದ ಮುಂದಿನ ಮೂರು ಸಾಲುಗಳಲ್ಲಿ ಕೂಡುವುದು ಲೇಸು. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ, ಮೊಣಕಾಲು ನೋವಿರುವ ಹಿರಿಯರು ಇದನ್ನು ಗಮನಿಸಬೇಕು. ಝೆರಾಕ್ಸ್ ಟಿಪ್ಪಣಿಗಳ ಕನ್ನಡ ಅಲ್ಲಲ್ಲಿ ಅನುವಾದದ ಕಬ್ಬಿಣದ ಕಡಲೆ. ಸರ್ ಬಾಯಲ್ಲಿ ಸರಳವಾಗಿ ಬಂದದ್ದು ಕಾಗದದ ಮೇಲೆ ಏಕೆ ಹಾಗಾಯಿತೋ ತಿಳಿಯದು. ಸ್ಲೋಟರ್ಡೈಕ್ ಭಾಗದ ನಾಲ್ಕು ಪುಟಗಳನ್ನು ಯಾರಾದರೂ ಮತ್ತೆ ಬರೆಯಬೇಕು. ಚಹಾ ಚೆನ್ನಾಗಿದೆ.

ಯಾರು ಸೇರಬೇಕು ಎಂಬುದಕ್ಕೆ ನನ್ನ ಸಲಹೆ: ತತ್ವಶಾಸ್ತ್ರದ ಹಿನ್ನೆಲೆ ಬೇಕಿಲ್ಲ, ಮನೆಗೆಲಸ ಮಾಡುವ ಮನಸ್ಸು ಬೇಕು. ಸ್ಫೂರ್ತಿದಾಯಕ ಭಾಷಣವನ್ನು ಬಯಸುವವರಿಗೆ ಇದು ಹೇಳಿಮಾಡಿಸಿದ್ದಲ್ಲ; ಆಶಾವಾದಿಗಳಾಗಿ ಎಂದು ಇಲ್ಲಿ ಯಾರೂ ಬೆನ್ನು ತಟ್ಟುವುದಿಲ್ಲ. ಪರೀಕ್ಷೆಗೆ ಓದುತ್ತಿರುವವರು 500 ರೂಪಾಯಿ ಕೊಟ್ಟು ಬರಬಹುದು, ಬಂದು ಆ ಯುವಕನಂತೆ ತಕರಾರು ಮಾಡಿದರೆ ಉಳಿದವರಿಗೂ ಲಾಭ. ಈ ಸಲದ ಗುಂಪಿನಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟೇ ಇದ್ದರು. ರವಿವಾರದ ಬೆಳಗಿನ ಹತ್ತು ಗಂಟೆ ಮನೆವಾರ್ತೆಯವರಿಗೆ ಬಿಡುವಿನ ಹೊತ್ತಲ್ಲ ಎಂಬುದನ್ನು ವ್ಯವಸ್ಥಾಪಕರು ಯೋಚಿಸಿ, ಒಂದು ತಂಡವನ್ನಾದರೂ ಸಂಜೆ ನಡೆಸುವುದು ಒಳ್ಳೆಯದು. ಮುಂದಿನ ಸಲ ಇದೇ ವಿಷಯವನ್ನು ದಸರೆಯ ನಂತರ ಪುನಃ ನಡೆಸುತ್ತಾರಂತೆ. ಏಳನೆಯ ವಾರವನ್ನು ಎರಡು ವಾರಗಳಾಗಿ ಒಡೆದು, ವಚನಕಾರರಿಗೊಂದು, ಕುಸನೂರಿಗೊಂದು ಕೊಟ್ಟು, ಡಯೋಜಿನಿಸನಿಂದ ಒಂದು ವಾರ ಕಡ ಪಡೆದರೆ ಲೆಕ್ಕ ಎಂಟಕ್ಕೇ ಸರಿಹೋಗುತ್ತದೆ, ಶುಲ್ಕವನ್ನೂ ಏರಿಸಬೇಕಾಗಿಲ್ಲ.